ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದಿರಾ? ಮನೆಯ ಇಂಟರ್ನೆಟ್ ಹೀಗೆ ಹೊಂದಿಸಿಕೊಳ್ಳಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಕೂರುವುದೇ ಇಲ್ಲ. ಹಾಗಾಗಿ ನಮ್ಮ ನೆಂಟರಿಷ್ಟರಲ್ಲೇ ಹಲವರು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿಕೊಂಡರು. ಹಾಕಿದ ದಿನವೇ ಸಂಜೆ ನನಗೆ ಫೋನ್ ಬರುತ್ತದೆ. "ಎಲ್ಲಾ ಚೆನ್ನಾಗಿದೆ, ಆದ್ರೆ ನೆಟ್ ಬರ್ತಿಲ್ಲ."

ಫೋನಿನಲ್ಲಿ ಹೇಳಿ ಹೇಳಿ ರೂಢಿಯಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಿಂಟ್ 22ರ ಸಿನಮನ್ ಆವೃತ್ತಿಯನ್ನು ಎದುರಿಗಿಟ್ಟುಕೊಂಡಿದ್ದೇನೆ. ಉಬುಂಟು, ಜೋರಿನ್, ಫೆಡೋರಾ ಎಂಬ ಬೇರೆ ಲಿನಕ್ಸ್‌ಗಳಲ್ಲೂ ಒಳಗೆ ಕೆಲಸ ಮಾಡುವುದು ನೆಟ್‌ವರ್ಕ್‌ಮ್ಯಾನೇಜರ್ ಎಂಬ ಅದೇ ಪ್ರೋಗ್ರಾಂ. ಮೆನುವಿನ ಹೆಸರು ಸ್ವಲ್ಪ ಆಚೀಚೆ ಇರಬಹುದು, ಅಷ್ಟೇ.

ಮೊದಲೇ ಒಂದು ಮಾತು. ಅಡಿಕೆ ತೋಟದಲ್ಲಿ ನೀರು ಬರದಿದ್ದರೆ ಯಾರೂ ಮೊದಲು ಸ್ಪ್ರಿಂಕ್ಲರ್ ಜೆಟ್ ಬಿಚ್ಚಿ ಕೂರುವುದಿಲ್ಲ. ಪಂಪ್ ಓಡುತ್ತಿದೆಯಾ, ಮೇನ್ ಪೈಪ್ ಸರಿ ಇದೆಯಾ ಅಂತ ನೋಡುತ್ತಾರೆ, ಅಲ್ವಾ? ಇಂಟರ್ನೆಟ್ ಕೂಡ ಹಾಗೇ. ಬೀದಿಯಿಂದ ರೂಟರ್‌ವರೆಗೆ ಒಂದು ದಾರಿ, ರೂಟರ್‌ನಿಂದ ಕಂಪ್ಯೂಟರ್‌ವರೆಗೆ ಇನ್ನೊಂದು. ಲಿನಕ್ಸ್ ಇರುವುದು ಕೊನೆಯ ತುದಿಯಲ್ಲಿ. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಫಾರ್ಮ್ಯಾಟ್ ಹೊಡೆಯುವ ಮುಂಚೆ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಹಲವು ವರ್ಷಗಳ ಹಿಂದೆ ಅಪ್ಪನ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿದೆ. ಆಗ ಮನೆಯಲ್ಲಿ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್. ವಿಂಡೋಸ್‌ನಲ್ಲಿ ಒಂದು ಐಕಾನ್ ಇತ್ತು, ಅದನ್ನು ಒತ್ತಿದರೆ ನೆಟ್ ಬರುತ್ತಿತ್ತು. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಆ ಐಕಾನ್ ಒಳಗೇ ಇದ್ದವು. ಬೇರೆಲ್ಲೂ ಯಾರೂ ಬರೆದಿಟ್ಟಿರಲಿಲ್ಲ. ವಿಂಡೋಸ್ ಅಳಿಸಿದಾಗ ಅವೂ ಅಳಿಸಿಹೋದವು. ಶುಕ್ರವಾರ ಸಂಜೆ ಅದು. ಸೋಮವಾರ ಆಫೀಸು ತೆರೆಯುವವರೆಗೆ ಮನೆಯಲ್ಲಿ ನೆಟ್ ಇರಲಿಲ್ಲ.

ನಿಮ್ಮ ಮನೆಯದು ಯಾವ ಬಗೆ ಎಂದು ತಿಳಿಯುವುದು ಸುಲಭ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ. ಮೊಬೈಲಿನ ಸಿಮ್ ಡೇಟಾ ಕೂಡ ಆಫ್ ಮಾಡಿ. ಈಗ ವೈ-ಫೈ ಮೂಲಕ ಮೊಬೈಲಿನಲ್ಲಿ ನೆಟ್ ಬರುತ್ತಿದೆಯಾ? ಬಂದರೆ ಲಾಗಿನ್ ಕೆಲಸವನ್ನು ರೂಟರೇ ಮಾಡುತ್ತಿದೆ ಎಂದು ಅರ್ಥ. ಈಗಿನ ಫೈಬರ್ ಸಂಪರ್ಕಗಳು ಹೆಚ್ಚಾಗಿ ಹೀಗೇ ಇರುತ್ತವೆ. ನಿಮಗೆ ಬೇಕಾದದ್ದು ವೈ-ಫೈ ಪಾಸ್‌ವರ್ಡ್ ಮಾತ್ರ.

ಹಾಗಲ್ಲದೆ ಕೇಬಲ್‌ನವರು ಎಳೆದ ವೈರು ನೇರ ಕಂಪ್ಯೂಟರಿಗೇ ಬರುತ್ತಿದ್ದರೆ, ಅಥವಾ ದಿನಾ ಯಾವುದೋ ಐಕಾನ್ ಒತ್ತಿ ಕನೆಕ್ಟ್ ಆಗಬೇಕಿದ್ದರೆ, ಅದು ಹೆಚ್ಚಾಗಿ ಪಿಪಿಪಿಒಇ ಎಂಬ ಬಗೆ, ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಸಂಪರ್ಕ. ಯೂಸರ್‌ನೇಮ್ ಕಾಗದದ ಮೇಲೆ ಬರೆದುಕೊಳ್ಳಿ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆಗಳು ಕಾಣುತ್ತವೆ. ಅದನ್ನು ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ ಕೇಳಿ, ಇಲ್ಲವೇ ಹೊಸದು ಹಾಕಿಸಿಕೊಳ್ಳಿ. ಇನ್ನೂ ಕೆಲವರು ಬ್ರೌಸರ್ ತೆರೆದ ಕೂಡಲೇ ಲಾಗಿನ್ ಪುಟ ತೋರಿಸುತ್ತಾರೆ. ಅದರ ವಿವರ ಬ್ರೌಸರ್‌ನಲ್ಲಿ ಸೇವ್ ಆಗಿರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ತೆರೆದು ವೈ-ಫೈ ಕಾರ್ಡ್ ಯಾವ ಕಂಪನಿಯದು ನೋಡಿ. ಇಂಟೆಲ್ ಎಂದಿದ್ದರೆ ನಿಶ್ಚಿಂತೆ. ಕ್ವಾಲ್‌ಕಾಂ ಎಥೆರಾಸ್ ಕೂಡ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಬ್ರಾಡ್‌ಕಾಂ ಆದರೆ ಡ್ರೈವರ್ (ಕಾರ್ಡನ್ನು ಓಡಿಸುವ ಪ್ರೋಗ್ರಾಂ) ಬೇರೆ ಹಾಕಬೇಕಾಗಿ ಬರಬಹುದು. ರಿಯಲ್‌ಟೆಕ್‌ನಲ್ಲಿ ಮಾಡೆಲ್ ಮೇಲೆ ಹೋಗುತ್ತದೆ. ಮಾಡೆಲ್ ನಂಬರ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ

ಮಿಂಟ್ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡಿದರೆ ಹಾರ್ಡ್ ಡಿಸ್ಕ್ ಮುಟ್ಟದೆ ಇಡೀ ಲಿನಕ್ಸ್ ತೆರೆದುಕೊಳ್ಳುತ್ತದೆ. ಅಲ್ಲೇ ವೈ-ಫೈ ಕನೆಕ್ಟ್ ಮಾಡಿ ಹತ್ತು ನಿಮಿಷ ವಿಡಿಯೋ ನೋಡಿ. ಇಲ್ಲಿ ಬಂದ ನೆಟ್ ಹಾಕಿದ ಮೇಲೂ ಬರುತ್ತದೆ. ಬರದಿದ್ದರೂ ಪರವಾಗಿಲ್ಲ. ವಿಂಡೋಸ್ ಇನ್ನೂ ಇದೆ, ಕಾರ್ಡ್ ಬಗ್ಗೆ ಸಮಾಧಾನವಾಗಿ ಹುಡುಕಬಹುದು.

ಕನೆಕ್ಟ್ ಮಾಡುವುದು

ಲ್ಯಾನ್ ಕೇಬಲ್ ಇದ್ದರೆ ಮೊದಲ ದಿನ ಅದನ್ನೇ ಬಳಸಿ. ರೂಟರ್ ಹಿಂದಿನ ಲ್ಯಾನ್ ತೂತಿಗೆ ಒಂದು ತುದಿ, ಕಂಪ್ಯೂಟರಿಗೆ ಇನ್ನೊಂದು. ಲಾಗಿನ್ ರೂಟರಿನಲ್ಲಿದ್ದರೆ ಬೇರೇನೂ ಮಾಡಬೇಕಿಲ್ಲ.

ವೈ-ಫೈಗೆ ಕೆಳಗಿನ ಪಟ್ಟಿಯ ಬಲ ಮೂಲೆಯಲ್ಲಿರುವ ನೆಟ್‌ವರ್ಕ್ ಐಕಾನ್ ಒತ್ತಿ, ನಿಮ್ಮ ಮನೆಯ ಹೆಸರು ಆರಿಸಿ, ಪಾಸ್‌ವರ್ಡ್ ಕೊಡಿ. ವಿಂಡೋಸ್‌ನಲ್ಲಿ ಮಾಡುತ್ತಿದ್ದ ಹಾಗೆಯೇ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಸಾಗರದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. "ಪುಟ್ಟಾ, ಹತ್ತು ಸಲ ಹಾಕಿದೆ ಕಣೋ, ಪಾಸ್‌ವರ್ಡ್ ತಪ್ಪು ಅಂತಲೇ ಬರ್ತಿದೆ. ಮೊಬೈಲಲ್ಲಿ ಅದೇ ಪಾಸ್‌ವರ್ಡ್ ಸರಿ ಇದೆ."

"ಪಾಸ್‌ವರ್ಡ್‌ನಲ್ಲಿ ಅಟ್ ಗುರುತು ಇದೆಯಾ ಚಿಕ್ಕಮ್ಮ?"

"ಹ್ಞೂಂ, ಇದೆ."

"ಲಿನಕ್ಸ್ ಹಾಕುವಾಗ ಕೀಬೋರ್ಡ್ ಯಾವುದು ಆರಿಸಿದ್ರಿ?"

"ಇಂಗ್ಲಿಷ್ ಯುಕೆ."

ತೊಂದರೆ ಅದೇ. ಭಾರತದಲ್ಲಿ ಮಾರುವ ಕೀಬೋರ್ಡ್‌ಗಳು ಹೆಚ್ಚುಕಮ್ಮಿ ಎಲ್ಲವೂ ಅಮೆರಿಕದ ವಿನ್ಯಾಸದವು. ಬ್ರಿಟನ್ ವಿನ್ಯಾಸ ಆರಿಸಿದರೆ ಅಟ್ ಗುರುತೂ ಜೋಡಿ ಉದ್ಧರಣ ಚಿಹ್ನೆಯೂ ಅದಲು ಬದಲಾಗುತ್ತವೆ. ಶಿಫ್ಟ್ ಹಿಡಿದು 2 ಒತ್ತಿದರೆ ಅಟ್ ಬರುವುದಿಲ್ಲ. 3 ಒತ್ತಿದರೆ ಹ್ಯಾಶ್ ಬದಲು ಬ್ರಿಟನ್ ಹಣದ ಪೌಂಡ್ ಗುರುತು ಬರುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಬರೀ ಚುಕ್ಕೆ ಕಾಣುವುದರಿಂದ ತಿಳಿಯುವುದೂ ಇಲ್ಲ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರೊಳಗೆ ಲೇಔಟ್ಸ್‌ಗೆ ಹೋಗಿ ಇಂಗ್ಲಿಷ್ ಯುಎಸ್ ಸೇರಿಸಿ ಯುಕೆ ತೆಗೆದುಬಿಡಿ. ಚಿಕ್ಕಮ್ಮನ ಮನೆಯಲ್ಲಿ ಎರಡೇ ನಿಮಿಷಕ್ಕೆ ನೆಟ್ ಬಂತು. ಅಂದಿನಿಂದ ನಾನು ಮೊದಲು ಕೇಳುವ ಪ್ರಶ್ನೆಯೇ ಇದು.

ಅಲ್ಲೇ ಇದ್ದೀರಲ್ಲ, ಕನ್ನಡ ಕೀಬೋರ್ಡ್ ಕೂಡ ಸೇರಿಸಿಕೊಳ್ಳಿ. ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಲಿನಕ್ಸ್‌ನಲ್ಲಿ ಸಿದ್ಧವಾಗಿಯೇ ಇದೆ. ಬೇರೆ ಯಾವ ತಂತ್ರಾಂಶವನ್ನೂ ಇಳಿಸಬೇಕಿಲ್ಲ. ಪಾಸ್‌ವರ್ಡ್ ಹಾಕುವಾಗ ಮಾತ್ರ ಇಂಗ್ಲಿಷ್‌ಗೆ ಬದಲಿಸಿಕೊಳ್ಳಲು ಮರೆಯಬೇಡಿ.

ವೈ-ಫೈ ಹೆಸರೇ ಕಾಣದಿದ್ದರೆ

ಮುಂದಿನ ಕೆಲಸಕ್ಕೆ ಟರ್ಮಿನಲ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿ, ಬೇಕಾಗಬಹುದು. ಹೆದರಬೇಡಿ. ಆದೇಶಗಳನ್ನು ಫೋನಿನಲ್ಲಿ ಹೇಳುವ ಹಾಗೆ ಅಕ್ಷರ ಅಕ್ಷರವಾಗಿ ಬರೆಯುತ್ತೇನೆ. ನಾನು ದೊಡ್ಡದು ಎಂದು ಹೇಳದಿದ್ದರೆ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳು, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಸ್ಪೇಸ್ ಎಂದಲ್ಲಿ ಮಾತ್ರ ಜಾಗ ಬಿಡಿ.

ಮೊದಲು ಸುಲಭದ್ದು ನೋಡೋಣ. ಲ್ಯಾಪ್‌ಟಾಪ್‌ನಲ್ಲಿ ವಿಮಾನದ ಚಿತ್ರವಿರುವ ಕೀ ಒತ್ತಿಹೋಗಿದೆಯಾ? ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಜಾರಿಸುವ ಸ್ವಿಚ್ ಕೂಡ ಇರುತ್ತದೆ. ಟರ್ಮಿನಲ್‌ನಲ್ಲಿ ಆರ್-ಎಫ್-ಕೆ-ಐ-ಎಲ್-ಎಲ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ವೈ-ಫೈ ಬ್ಲಾಕ್ ಆಗಿದೆಯಾ ಎಂದು ತೋರಿಸುತ್ತದೆ. ಸಾಫ್ಟ್ ಬ್ಲಾಕ್ ಎಂದರೆ ಸೆಟ್ಟಿಂಗ್‌ನಲ್ಲಿ ಆಫ್ ಆಗಿದೆ. ಹಾರ್ಡ್ ಬ್ಲಾಕ್ ಎಂದರೆ ಹೆಚ್ಚಾಗಿ ಸ್ವಿಚ್ ಅಥವಾ ಕೀ.

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದರೂ ಅದು ಪೂರ್ತಿ ಮಲಗುವುದಿಲ್ಲ. ಕೆಲವು ಸಲ ವೈ-ಫೈ ಕಾರ್ಡ್ ಅರೆನಿದ್ದೆಯಲ್ಲೇ ಉಳಿದು ಲಿನಕ್ಸ್‌ಗೆ ಸಿಗುವುದಿಲ್ಲ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ಆಫ್ ಮಾಡಿ.

ಇಷ್ಟಕ್ಕೂ ಬರದಿದ್ದರೆ ಡ್ರೈವರ್ ಇಲ್ಲ ಎಂದು ಅರ್ಥ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು! ಇಲ್ಲಿ ಕೈ ಹಿಡಿಯುವುದು ನಿಮ್ಮ ಆಂಡ್ರಾಯ್ಡ್ ಮೊಬೈಲ್. ಚಾರ್ಜ್ ಹಾಕುವ ಕೇಬಲ್‌ನಲ್ಲಿ ಅದನ್ನು ಕಂಪ್ಯೂಟರಿಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಕೆಲವೇ ಸೆಕೆಂಡಿನಲ್ಲಿ ಲಿನಕ್ಸ್ ಅದನ್ನು ಲ್ಯಾನ್ ಕೇಬಲ್ ಹಾಗೆ ಹಿಡಿದುಕೊಳ್ಳುತ್ತದೆ. ಬೇರೆ ಡ್ರೈವರ್ ಬೇಡ. ಮೊಬೈಲು ಮನೆಯ ವೈ-ಫೈಗೆ ಕನೆಕ್ಟ್ ಆಗಿದ್ದರೆ ಆ ನೆಟ್ಟನ್ನೇ ಕಂಪ್ಯೂಟರಿಗೆ ದಾಟಿಸುತ್ತದೆ, ಸಿಮ್ ಡೇಟಾ ಖರ್ಚಾಗುವುದಿಲ್ಲ. ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇದು ಕೆಲಸ ಮಾಡುತ್ತದೆ, ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಿರಬೇಕು. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ಆಗುವುದಿಲ್ಲ.

ಈಗ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಂ ಕಾರ್ಡ್ ಆದರೆ ಡ್ರೈವರ್ ಹೆಸರು ಪಟ್ಟಿಯಲ್ಲಿ ಬರುತ್ತದೆ. ಆರಿಸಿ, ಅಪ್ಲೈ ಒತ್ತಿ, ರೀಸ್ಟಾರ್ಟ್ ಮಾಡಿ. ಟೆಥರಿಂಗ್ ಕೂಡ ಆಗದಿದ್ದರೆ ಮಿಂಟ್ ಹಾಕಿದ ಪೆನ್‌ಡ್ರೈವ್ ಚುಚ್ಚಿ. ಅದರೊಳಗೂ ಬ್ರಾಡ್‌ಕಾಂ ಡ್ರೈವರ್ ಇರುತ್ತದೆ, ಡ್ರೈವರ್ ಮ್ಯಾನೇಜರ್ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ.

ಗುರುತಿಲ್ಲದ ಪ್ರೋಗ್ರಾಂ ಓಡದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅದು ತಪ್ಪಾದ ಸೂಚನೆ ಅಲ್ಲ, ಗಾಬರಿ ಬೇಡ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, ಎನ್‌ರೋಲ್ ಎಂಒಕೆ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಆ ಹತ್ತು ಸೆಕೆಂಡು ತಪ್ಪಿಸಿದರೆ ಡ್ರೈವರ್ ಇದ್ದೂ ಇಲ್ಲದಂತೆ ಆಗುತ್ತದೆ.

ಯಾವ ಕಾರ್ಡ್ ಎಂದು ಗೊತ್ತಿಲ್ಲದವರು ಟರ್ಮಿನಲ್‌ನಲ್ಲಿ ಐ-ಎನ್-ಎಕ್ಸ್-ಐ, ಸ್ಪೇಸ್, ಮೈನಸ್ ಗುರುತು, ದೊಡ್ಡ ಎನ್ ಎಂದು ಹಾಕಿ ಎಂಟರ್ ಒತ್ತಿ. ಹೆಸರು ಬರುತ್ತದೆ.

ಏನು ಮಾಡಿದರೂ ಒಗ್ಗದ ಕಾರ್ಡ್ ಇದ್ದರೆ ಯುಎಸ್‌ಬಿ ವೈ-ಫೈ ಡಾಂಗಲ್ ಕೊಳ್ಳುವುದೇ ಸರಿ. ಅಂಗಡಿಯಲ್ಲಿ ಕಂಪನಿ ಹೆಸರು ನೋಡಬೇಡಿ, ಒಳಗಿನ ಚಿಪ್ ಕೇಳಿ. ಮೀಡಿಯಾಟೆಕ್‌ನ ಎಂಟಿ7610ಯು, ಎಂಟಿ7612ಯು ಚಿಪ್‌ಗಳ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೇ ಇದೆ. ಚುಚ್ಚಿದರೆ ಸಾಕು. ವಾರಗಟ್ಟಲೆ ಡ್ರೈವರ್ ಜೊತೆ ಗುದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಯೂಸರ್‌ನೇಮ್ ಹಾಕಬೇಕಾದ ಸಂಪರ್ಕ

ವೈರು ನೇರ ಕಂಪ್ಯೂಟರಿಗೆ ಬರುವ ಪಿಪಿಪಿಒಇ ಇದ್ದರೆ ಹೀಗೆ ಮಾಡಿ. ನೆಟ್‌ವರ್ಕ್ ಐಕಾನ್ ಒತ್ತಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯಿರಿ. ಕೆಳಗಿನ ಪ್ಲಸ್ ಗುರುತು ಒತ್ತಿ. ಪಟ್ಟಿಯಲ್ಲಿ ಡಿಎಸ್‌ಎಲ್ ಅಥವಾ ಪಿಪಿಪಿಒಇ ಎಂಬುದನ್ನು ಆರಿಸಿ ಕ್ರಿಯೇಟ್ ಒತ್ತಿ. ಪೇರೆಂಟ್ ಇಂಟರ್‌ಫೇಸ್ ಜಾಗದಲ್ಲಿ ನಿಮ್ಮ ಲ್ಯಾನ್ ಕಾರ್ಡ್ ಆರಿಸಿ. ಅದರ ಹೆಸರು ಸಾಮಾನ್ಯವಾಗಿ ಇ, ಎನ್ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ. ಸರ್ವಿಸ್ ಎಂಬ ಪೆಟ್ಟಿಗೆ ಖಾಲಿ ಇರಲಿ. ಜನರಲ್ ಟ್ಯಾಬ್‌ನಲ್ಲಿ ತಾನಾಗಿಯೇ ಕನೆಕ್ಟ್ ಆಗುವಂತೆ ಟಿಕ್ ಹಾಕಿ ಸೇವ್ ಮಾಡಿ.

ಆದರೂ ನನ್ನ ಸಲಹೆ ಕೇಳಿದರೆ ಇದನ್ನು ಕಂಪ್ಯೂಟರಿನಲ್ಲಿ ಇಡಬೇಡಿ. ಒಂದು ಸಾದಾ ರೂಟರ್ ತಂದು ಅದರಲ್ಲೇ ಈ ವಿವರ ತುಂಬಿ. ನಾಳೆ ಲಿನಕ್ಸ್ ಬದಲಿಸಿದರೂ, ಮನೆಗೆ ಟಿವಿ ತಂದರೂ, ಮೊಮ್ಮಕ್ಕಳು ಟ್ಯಾಬ್ ಹಿಡಿದು ಬಂದರೂ ಮತ್ತೆ ಯಾರೂ ಯೂಸರ್‌ನೇಮ್ ಹುಡುಕಬೇಕಿಲ್ಲ.

ಕೆಲವು ಊರಿನ ಸಣ್ಣ ಕೇಬಲ್‌ನವರು ಒಂದೇ ಯಂತ್ರದ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ) ಸಂಪರ್ಕ ಕಟ್ಟಿರುತ್ತಾರೆ. ಲಿನಕ್ಸ್ ಹಾಕಿದರೆ ಲ್ಯಾನ್ ಕಾರ್ಡಿನ ಮ್ಯಾಕ್ ಬದಲಾಗುವುದಿಲ್ಲ. ಹೊಸ ರೂಟರ್ ಇಟ್ಟರೆ ಬದಲಾಗುತ್ತದೆ. ಆಗ ಅವರಿಗೆ ಒಂದು ಫೋನ್ ಮಾಡಿ ಹೊಸ ಮ್ಯಾಕ್ ಹೇಳಿ.

ಲಾಗಿನ್ ಪುಟದ ಸಂಪರ್ಕವಾದರೆ, ಪುಟ ತಾನಾಗಿ ಬರದಿದ್ದಾಗ ಫೈರ್‌ಫಾಕ್ಸ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ವಿಳಾಸ ಹಾಕಿ. ಲಾಗಿನ್ ಪುಟ ತೆರೆದುಕೊಳ್ಳುತ್ತದೆ.

ಕನೆಕ್ಟೆಡ್ ಅಂತಿದೆ, ಆದರೆ ಏನೂ ತೆರೆಯುತ್ತಿಲ್ಲ

ಈಗ ತೋಟದ ಪೈಪಿನ ಹಾಗೆ ಹಂತ ಹಂತವಾಗಿ ನೋಡಬೇಕು. ಟರ್ಮಿನಲ್‌ನಲ್ಲಿ ಐ-ಪಿ, ಸ್ಪೇಸ್, ಆರ್ ಎಂದು ಹಾಕಿ. ಡಿಫಾಲ್ಟ್ ಎಂದು ಶುರುವಾಗುವ ಸಾಲಿನಲ್ಲಿ ರೂಟರ್ ವಿಳಾಸ ಇರುತ್ತದೆ. 192.168.1.1 ಅಥವಾ 192.168.0.1 ಥರ. ಜಿಯೋದಲ್ಲಿ ಸಾಮಾನ್ಯವಾಗಿ 192.168.29.1.

ಪಿ-ಐ-ಎನ್-ಜಿ, ಸ್ಪೇಸ್, ಆ ವಿಳಾಸ ಹಾಕಿ. ಉತ್ತರ ಬಂದರೆ ರೂಟರ್‌ವರೆಗೆ ದಾರಿ ಸರಿ ಇದೆ. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕು ಸಲ ಓಡಿ ನಿಲ್ಲುತ್ತಿತ್ತು. ಲಿನಕ್ಸ್‌ನಲ್ಲಿ ನಿಲ್ಲುವುದೇ ಇಲ್ಲ, ಕಂಟ್ರೋಲ್ ಹಿಡಿದು ಸಿ ಒತ್ತಿ ನಿಲ್ಲಿಸಬೇಕು.

ಆಮೇಲೆ 1.1.1.1 ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಇಲ್ಲದಿದ್ದರೆ ರೂಟರ್‌ನಿಂದ ಆಚೆಗೆ ತೊಂದರೆ. ನಿಮ್ಮ ಲಿನಕ್ಸ್ ಸರಿಯಾಗಿದೆ. ಉತ್ತರ ಬಂದೂ ಗೂಗಲ್ ಡಾಟ್ ಕಾಮ್‌ಗೆ ಬರದಿದ್ದರೆ ಡಿಎನ್‌ಎಸ್ ಕೆಟ್ಟಿದೆ. ಅಂದರೆ ಹೆಸರು ಕೇಳಿ ವಿಳಾಸ ಹೇಳುವವರು ಸಿಗುತ್ತಿಲ್ಲ. ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ನಿಮ್ಮ ಸಂಪರ್ಕ ತೆರೆದು ಐಪಿವಿ4 ಟ್ಯಾಬ್‌ಗೆ ಹೋಗಿ. ಆಟೋಮ್ಯಾಟಿಕ್ ಅಡ್ರೆಸಸ್ ಓನ್ಲಿ ಆರಿಸಿ, ಡಿಎನ್‌ಎಸ್ ಜಾಗದಲ್ಲಿ 1.1.1.1, 8.8.8.8 ಎಂದು ಅಲ್ಪವಿರಾಮ ಹಾಕಿ ಬರೆಯಿರಿ. ಮೊದಲನೆಯದು ಕ್ಲೌಡ್‌ಫ್ಲೇರ್‌ನದು, ಎರಡನೆಯದು ಗೂಗಲ್‌ನದು. ಸೇವ್ ಮಾಡಿ ಒಮ್ಮೆ ಡಿಸ್‌ಕನೆಕ್ಟ್ ಮಾಡಿ ಕನೆಕ್ಟ್ ಮಾಡಿ.

ಪಿಂಗ್ ಎಲ್ಲಾ ಸರಿ, ಆದರೆ ಬ್ರೌಸರ್ ಪ್ರತಿ ಸೈಟಿಗೂ ಸರ್ಟಿಫಿಕೇಟ್ ತಪ್ಪು ಅಂತಿದೆಯಾ? ಗಡಿಯಾರ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡ್ ಬ್ಯಾಟರಿ ಸತ್ತಿರುತ್ತದೆ, ಆನ್ ಮಾಡಿದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದೆ ಹೋಗುತ್ತದೆ. ದಿನಾಂಕ ಸರಿ ಮಾಡಿ, ಆಮೇಲೆ ಸಿಆರ್2032 ಬಟನ್ ಬ್ಯಾಟರಿ ಬದಲಿಸಿ. ಸಣ್ಣ ಖರ್ಚು ಅದು. ಎರಡು ಸಿಸ್ಟಂ ಇಟ್ಟುಕೊಂಡವರಿಗೆ ಸಮಯ ಸರಿಯಾಗಿ ಐದೂವರೆ ಗಂಟೆ ಹೆಚ್ಚುಕಮ್ಮಿ ತೋರಿಸಬಹುದು. ಯಂತ್ರದ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಸಮಯ ಎಂದು ಓದುತ್ತದೆ, ವಿಂಡೋಸ್ ಊರಿನ ಸಮಯ ಎಂದು ಓದುತ್ತದೆ. ನೆಟ್ ಬಂದ ಮೇಲೆ ಸಾಮಾನ್ಯವಾಗಿ ತಾವಾಗಿ ಸರಿಮಾಡಿಕೊಳ್ಳುತ್ತವೆ.

ಕೆಲವು ಸೈಟ್ ತೆರೆಯುತ್ತವೆ, ಕೆಲವು ಸುಮ್ನೆ ತಿರುಗುತ್ತಾ ಕೂರುತ್ತವೆ ಎಂದಾದರೆ ಎಂಟಿಯು ಮೇಲೆ, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ (ಪ್ಯಾಕೆಟ್‌ನ) ಗರಿಷ್ಠ ಅಳತೆಯ ಮೇಲೆ, ಅನುಮಾನ ಪಡಿ. ಮಾಮೂಲಿ ಪ್ಯಾಕೆಟ್ ಅಳತೆ 1500 ಬೈಟ್. ಪಿಪಿಪಿಒಇ ಅದರಲ್ಲಿ 8 ತಿನ್ನುತ್ತದೆ, ಉಳಿಯುವುದು 1492. ಸಂಪರ್ಕದ ವೈ-ಫೈ ಅಥವಾ ಈಥರ್‌ನೆಟ್ ಟ್ಯಾಬ್‌ನಲ್ಲಿ ಎಂಟಿಯು ಜಾಗಕ್ಕೆ 1492 ಹಾಕಿ ನೋಡಿ.

ಆಗಾಗ ಕಟ್ ಆಗುತ್ತಿದ್ದರೆ

ವಿದ್ಯುತ್ ಉಳಿಸಲು ಲಿನಕ್ಸ್ ವೈ-ಫೈ ಕಾರ್ಡನ್ನು ಆಗಾಗ ತೂಕಡಿಸಲು ಬಿಡುತ್ತದೆ. ಕೆಲವು ಕಾರ್ಡ್‌ಗಳು ತೂಕಡಿಸಿದರೆ ಏಳುವುದೇ ಇಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಫೈಲ್ ಸಿಸ್ಟಂ ತೆರೆದು ಇ-ಟಿ-ಸಿ ಫೋಲ್ಡರ್, ಅದರೊಳಗೆ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರ್‌ಗೆ ಹೋಗಿ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಓಪನ್ ಆ್ಯಸ್ ರೂಟ್ ಆರಿಸಿ. ಕಾನ್ಫ್ ಡಾಟ್ ಡಿ ಫೋಲ್ಡರ್‌ನೊಳಗೆ ಪವರ್‌ಸೇವ್ ಎಂಬ ಪದವಿರುವ ಫೈಲ್ ತೆರೆದು 3 ಇರುವಲ್ಲಿ 2 ಮಾಡಿ ಸೇವ್ ಮಾಡಿ. ರೀಸ್ಟಾರ್ಟ್ ಮಾಡಿ. ಅಲ್ಲಿ ಬೇರೇನೂ ಮುಟ್ಟಬೇಡಿ.

ಕಾರ್ಡ್ ಹಳೆಯದಾಗಿ 5 ಗಿಗಾಹರ್ಟ್ಸ್ ತರಂಗದ ವೈ-ಫೈ ಹೆಸರು ಕಾಣದಿದ್ದರೆ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ಆನ್ ಇರಲಿ. ಅದರ ಚಾನೆಲ್ 1, 6, 11ರಲ್ಲಿ ಒಂದಾಗಿರಲಿ. 12, 13ರಲ್ಲಿದ್ದರೆ ಕೆಲವು ಕಾರ್ಡ್‌ಗಳು ಹಿಡಿಯುವುದಿಲ್ಲ. ಮಣ್ಣಿನ ದಪ್ಪ ಗೋಡೆಯ ಮನೆಗಳಲ್ಲಿ ದೂರದ ಕೋಣೆಗೆ ತಲುಪುವುದೂ ಈ 2.4 ಗಿಗಾಹರ್ಟ್ಸೇ.

ಕಂಪನಿಗೆ ಫೋನ್ ಮಾಡುವಾಗ

ಒಮ್ಮೆ ನಾನು ಲಿನಕ್ಸ್ ಎಂದು ಹೇಳಿದ ಕೂಡಲೇ ಆಚೆಯವರು "ಅದಕ್ಕೆ ಸಪೋರ್ಟ್ ಇಲ್ಲ ಸರ್" ಎಂದು ಫೋನ್ ಇಟ್ಟರು. ಆಮೇಲೆ ನೋಡಿದರೆ ಬೀದಿಯಲ್ಲಿ ಮರ ಬಿದ್ದು ಫೈಬರ್ ತುಂಡಾಗಿತ್ತು. ಈಗ ನಾನು ಮೊದಲು ಫೈಬರ್ ಪೆಟ್ಟಿಗೆಯ ಲೈಟು ನೋಡುತ್ತೇನೆ. ಎಲ್‌ಒಎಸ್ ಎಂಬಲ್ಲಿ ಕೆಂಪು ಉರಿಯುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಲೈನ್ ಕಡಿದಿದೆ. ಪಿಒಎನ್ ಲೈಟು ಮಿನುಗುತ್ತಲೇ ಇದ್ದರೆ ಪೆಟ್ಟಿಗೆ ಇನ್ನೂ ನೋಂದಣಿ ಆಗಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮೊದಲು ನೋಡಬೇಕಾದದ್ದೇ ಇದನ್ನು.

ಫೋನಿನಲ್ಲಿ "ಎಲ್‌ಒಎಸ್ ಕೆಂಪಗಿದೆ, ಮೊಬೈಲಿಗೂ ವೈ-ಫೈನಲ್ಲಿ ನೆಟ್ ಬರ್ತಿಲ್ಲ" ಎಂದಷ್ಟೇ ಹೇಳಿ. ಕಂಪ್ಯೂಟರಿನ ಮಾತೇ ಬರುವುದಿಲ್ಲ, ಲೈನ್‌ಮನ್ ಬರುತ್ತಾರೆ. ಅವರು ಬಂದಾಗ ಪಿಪಿಪಿಒಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೇಳಿ, ಒಂದು ಚೀಟಿಯಲ್ಲಿ ಬರೆದು ರೂಟರ್ ತಳಕ್ಕೆ ಅಂಟಿಸಿಬಿಡಿ.